ಎರೆಭೂಮಿಯ ಊರಿಗೆ ಗಿಡ್ಡ ಕೋನ್‌ಫ್ಲವರ್: ಯಾವುದನ್ನು ತರಬೇಕು, ಯಾವುದನ್ನು ಬಿಡಬೇಕು

ಕೋನ್‌ಫ್ಲವರ್ ಕೊಳ್ಳಲು ಹೊರಟವರು ಮೊದಲು ಕೇಳುವುದು ಬಣ್ಣ. ಸಹಜವೇ. ಮೊಬೈಲ್‌ನಲ್ಲಿ ಚಿತ್ರ ತೆರೆದರೆ ಕಿತ್ತಳೆ, ಕಡುಗೆಂಪು, ನಿಂಬೆಹಳದಿ, ಹಸಿರು ಛಾಯೆಯ ಬಿಳಿ, ಎಲ್ಲವೂ ಮೊಣಕಾಲೆತ್ತರದ ಗಿಡದಲ್ಲಿ ಕಿಕ್ಕಿರಿದು ನಿಂತಿರುತ್ತವೆ. ಆ ತೋಟಗಳಿರುವುದು ಅಮೆರಿಕದಲ್ಲೋ ಹಾಲೆಂಡಿನಲ್ಲೋ. ನಾವು ಬೆಳೆಸಬೇಕಾದದ್ದು ಕಲಬುರಗಿಯ ಬಿಸಿಲಿನಲ್ಲಿ, ಎರೆಮಣ್ಣಿನಲ್ಲಿ, ಶಹಾಬಾದ್ ಫರಸಿ ಹಾಸಿದ ಅಂಗಳದಲ್ಲಿ. ಇಲ್ಲಿ ಬಣ್ಣ ಕೊನೆಯ ಪ್ರಶ್ನೆ. ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಬಲ್ಲಿರಾ, ಹೂ ಬಿಡುವಷ್ಟು ಹಗಲನ್ನು ಅದಕ್ಕೆ ಒದಗಿಸಬಲ್ಲಿರಾ, ಮೇ ತಿಂಗಳಲ್ಲಿ ಕುಂಡವನ್ನು ಎಲ್ಲಿಡುತ್ತೀರಿ ಎಂಬುದನ್ನು ತೀರ್ಮಾನಿಸಿಕೊಂಡರೆ ಯಾವ ತಳಿ ತರಬೇಕೆಂಬುದು ಅರ್ಧದಷ್ಟು ತಾನಾಗಿಯೇ ಬಗೆಹರಿಯುತ್ತದೆ.

ಕೋನ್‌ಫ್ಲವರ್ ಎಂದರೆ ಎಕಿನೇಶಿಯಾ. ಸೂರ್ಯಕಾಂತಿ, ಸೇವಂತಿಗೆ, ಚೆಂಡು ಹೂಗಳ ಕುಟುಂಬದ್ದೇ ಗಿಡ. ತವರು ಉತ್ತರ ಅಮೆರಿಕದ ಹುಲ್ಲುಗಾವಲು. ಹಳೆಯ ಗಿಡವಾದ ಎಕಿನೇಶಿಯಾ ಪರ್ಪುರಿಯಾ ನೇರಳೆ ಕಲೆಸಿದ ಗುಲಾಬಿ ಬಣ್ಣದ್ದು, ಸೊಂಟದೆತ್ತರ ಬೆಳೆಯುತ್ತದೆ. ಆ ಕುಲದಲ್ಲಿ ಹಳದಿ ಹೂ ಬಿಡುವುದು ಪ್ಯಾರಡಾಕ್ಸಾ ಎಂಬ ಒಂದೇ ಜಾತಿ; ಅದು ಓಝಾರ್ಕ್ ಬೆಟ್ಟಸಾಲಿನ ಕಲ್ಲುಬಯಲಿನದು. 1990ರ ದಶಕದ ಕೊನೆಯಲ್ಲಿ ಚಿಕಾಗೊ ಬೊಟಾನಿಕ್ ಗಾರ್ಡನ್‌ನಲ್ಲಿ ತಳಿಗಾರ ಜಿಮ್ ಆಲ್ಟ್ ಅವರು ಈ ಜಾತಿಗಳನ್ನು ಪರಸ್ಪರ ಕೂಡಿಸಲು ತೊಡಗಿದ ಮೇಲೆ ಕಿತ್ತಳೆ ಬಣ್ಣ ಹುಟ್ಟಿತು. ಅನಂತರ ಒಬ್ಬರ ಹಿಂದೊಬ್ಬರು ತಳಿಗಾರರು ಕೈಹಾಕಿ, ಎತ್ತರವನ್ನು ತಗ್ಗಿಸಿ, ಕವಲು ಹೆಚ್ಚಿಸಿ, ಇಂದಿನ ಗಿಡ್ಡ ಹೈಬ್ರಿಡ್‌ಗಳನ್ನು ತಂದರು.

ಈ ವಂಶಾವಳಿ ಹೇಳುವುದಕ್ಕೆ ಕಾರಣವಿದೆ. ಗುಲಾಬಿ ಬಣ್ಣದ ಗಿಡಗಳಲ್ಲಿ ಪರ್ಪುರಿಯಾದ ಪಾಲು ಹೆಚ್ಚು. ಅದರ ಬೇರು ಕವಲೊಡೆದು ಹರಡುವಂಥದ್ದು, ಸ್ವಲ್ಪ ಹೆಚ್ಚುಕಡಿಮೆಯನ್ನು ತಾಳಿಕೊಳ್ಳುತ್ತದೆ. ಹಳದಿ, ಕಿತ್ತಳೆ ಬಣ್ಣದವುಗಳಲ್ಲಿ ಪ್ಯಾರಡಾಕ್ಸಾದ ಗುಣ ಬೆರೆತಿದೆ. ಆ ಜಾತಿ ಗೂಟದಂಥ ತಾಯಿಬೇರನ್ನು ಆಳಕ್ಕೆ ಇಳಿಸುತ್ತದೆ. ಬುಡದಲ್ಲಿ ನೀರು ನಿಂತರೆ ಸಹಿಸುವುದಿಲ್ಲ. ಹೀಗಾಗಿ ಒಂದೇ ಸರಣಿಯಲ್ಲಿಯೂ ಗುಲಾಬಿ ಗಿಡ ಬದುಕಿ, ಪಕ್ಕದ ಕುಂಡದ ಹಳದಿ ಗಿಡ ಕೊಳೆತುಹೋಗುವುದು ಅಪರೂಪವೇನಲ್ಲ. ಮೊದಲ ಸಲ ಬೆಳೆಸುವವರು ಗುಲಾಬಿಯಿಂದಲೇ ಆರಂಭಿಸಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ.

ಗಿಡ್ಡ ತಳಿಯೇ ಏಕೆ ಎಂದು ಕೇಳಿದರೆ, ನಮ್ಮ ಕಡೆಯ ಗಾಳಿ. ಮೇ ಕೊನೆಯಿಂದ ಮುಂಗಾರು ಕಾಲೂರುವವರೆಗೆ ಬೀಸುವ ಬಿರುಗಾಳಿಗೆ ಮೂರಡಿಯ ಗಿಡ ಕೋಲಿನ ಆಸರೆಯಿಲ್ಲದೆ ನಿಲ್ಲುವುದಿಲ್ಲ. ಒಂದೂವರೆ ಅಡಿಯ ಗಿಡ ನಿಲ್ಲುತ್ತದೆ, ಹತ್ತು–ಹನ್ನೆರಡು ಇಂಚಿನ ಕುಂಡದಲ್ಲಿಯೂ ಅಂದವಾಗಿ ಕಾಣುತ್ತದೆ, ಬಿಸಿಲು ಏರಿದಾಗ ಒಬ್ಬರೇ ಎತ್ತಿ ನೆರಳಿಗೆ ಇಡಬಹುದು.

ಹೂವನ್ನು ಹತ್ತಿರದಿಂದ ನೋಡಿದರೆ ಸ್ವಾರಸ್ಯವಿರುವುದು ದಳಗಳಲ್ಲಿ ಅಲ್ಲ, ನಡುವಿನ ಗುಮ್ಮಟದಂಥ ಗೋಪುರದಲ್ಲಿ. ಮೊದಲು ಅದು ಹಸಿರು ಬಿಲ್ಲೆಯಂತೆ ಚಪ್ಪಟೆಯಾಗಿರುತ್ತದೆ. ದಿನ ಕಳೆದಂತೆ ಉಬ್ಬುತ್ತದೆ, ಕಿತ್ತಳೆ ತುದಿಯ ಮುಳ್ಳುಗಳು ಏಳುತ್ತವೆ. ಅಂಗೈಯಿಂದ ಸವರಿದರೆ ಚುಚ್ಚುತ್ತದೆ. ನಿಜವಾದ ಹೂಗಳು ಆ ಮುಳ್ಳುಗಳ ಸಂದಿಯಲ್ಲಿರುವ ಸಣ್ಣ ಕೊಳವೆಗಳು. ಅವು ಎಲ್ಲವೂ ಒಟ್ಟಿಗೆ ಅರಳುವುದಿಲ್ಲ. ಅಂಚಿನ ಸುತ್ತು ಮೊದಲು, ಮರುದಿನ ಅದರ ಒಳಗಿನ ಸುತ್ತು, ಹೀಗೆ ಹಳದಿ ಪರಾಗದ ಒಂದು ಉಂಗುರ ದಿನದಿಂದ ದಿನಕ್ಕೆ ಮೇಲೇರುತ್ತ ತುದಿ ಮುಟ್ಟುತ್ತದೆ. ಜೇನುಹುಳು ಗೋಪುರದ ಮೇಲೆ ಸುತ್ತು ಹಾಕುತ್ತಿದ್ದರೆ ಆ ಉಂಗುರವನ್ನೇ ಹಿಡಿದು ಹೋಗುತ್ತಿರುತ್ತದೆ. ಹೂವೊಂದು ವಾರಗಟ್ಟಲೆ ಬಾಳುವುದಕ್ಕೂ ಇದೇ ಕಾರಣ.

ಬೀಜದ ಗಿಡವೋ, ಅಂಗಾಂಶ ಕೃಷಿಯ ಗಿಡವೋ

ಮಾರುಕಟ್ಟೆಯಲ್ಲಿರುವ ಗಿಡ್ಡ ಎಕಿನೇಶಿಯಾಗಳಲ್ಲಿ ಎರಡು ಪಂಗಡ. ಬೀಜದಿಂದ ಏಳುವವು ಒಂದು. ಪ್ರಯೋಗಶಾಲೆಯಲ್ಲಿ ಅಂಗಾಂಶ ಕೃಷಿಯಿಂದ, ಅಂದರೆ ತಾಯಿಗಿಡದ ಚೂರಿನಿಂದ, ನಕಲು ತೆಗೆದ ಗಿಡಗಳು ಇನ್ನೊಂದು. ನಮ್ಮಲ್ಲಿ ಆಯ್ಕೆಯ ಮುಖ್ಯ ಕವಲು ಇದೇ, ಬಣ್ಣದ್ದಲ್ಲ.

ಬೀಜದ ಪಂಗಡದಲ್ಲಿ ಎರಡು ಹೆಸರು ನೆನಪಿಟ್ಟುಕೊಂಡರೆ ಸಾಕು. ಪವ್‌ವೌ ವೈಲ್ಡ್ ಬೆರಿ ಅಮೆರಿಕದಲ್ಲಿ ಹೊಸ ತಳಿಗಳನ್ನು ಬೆಳೆಸಿ ನೋಡಿ ಕೊಡುವ ಆಲ್-ಅಮೆರಿಕಾ ಸೆಲೆಕ್ಷನ್ಸ್ ಪ್ರಶಸ್ತಿಯನ್ನು 2010ರಲ್ಲಿ ಪಡೆದ ತಳಿ. ಕಡುಗುಲಾಬಿ, ಮಾಸದ ಬಣ್ಣ, ಸುಮಾರು 50–60 ಸೆಂಟಿಮೀಟರ್ ಎತ್ತರ. ಬುಡದಿಂದಲೇ ಕವಲೊಡೆಯುತ್ತದೆ, ಒಣಗಿದ ಹೂ ಕತ್ತರಿಸದಿದ್ದರೂ ಮುಂದಿನ ಮೊಗ್ಗುಗಳು ಬರುತ್ತಲೇ ಇರುತ್ತವೆ. ಶೈಯಾನ್ ಸ್ಪಿರಿಟ್ 2013ರಲ್ಲಿ ಅದೇ ಪ್ರಶಸ್ತಿ ಪಡೆಯಿತು. ಇದು ಮಿಶ್ರಣ: ಕೆಂಪು, ಕಿತ್ತಳೆ, ನೇರಳೆ, ಹಳದಿ, ಕೆನೆಬಣ್ಣ, ಬಿಳಿ. ಎತ್ತರ 45ರಿಂದ 75 ಸೆಂಟಿಮೀಟರ್ ನಡುವೆ ಹೆಚ್ಚುಕಡಿಮೆಯಾಗುತ್ತದೆ. ಯಾವ ಸಸಿಯಲ್ಲಿ ಯಾವ ಬಣ್ಣ ಎಂಬುದು ಹೂ ಅರಳುವವರೆಗೆ ಗೊತ್ತಾಗುವುದಿಲ್ಲ. ಬಾಗಿಲ ಎರಡೂ ಬದಿಗೆ ಒಂದೇ ಬಣ್ಣದ ಜೋಡಿ ಕುಂಡ ಬೇಕೆನ್ನುವವರಿಗೆ ಇದು ಹೇಳಿ ಮಾಡಿಸಿದ್ದಲ್ಲ. ಇವೆರಡೂ ಬಿತ್ತಿದ ಮೊದಲ ವರ್ಷವೇ ಹೂ ಕೊಡಬಲ್ಲವು ಎಂಬುದು ದೊಡ್ಡ ಅನುಕೂಲ. ಹಳೆಯ ಪರ್ಪುರಿಯಾ ಸಾಮಾನ್ಯವಾಗಿ ಎರಡನೆಯ ವರ್ಷದವರೆಗೆ ಕಾಯಿಸುತ್ತದೆ.

ನಕಲು ಗಿಡಗಳ ಪಂಗಡದಲ್ಲಿ ಸಾಂಬ್ರೆರೊ ಮತ್ತು ಕಿಸ್ಮೆಟ್ ಸರಣಿಗಳು ಹೆಸರಾದವು. ಸಾಂಬ್ರೆರೊದಲ್ಲಿ ಸಾಲ್ಸಾ ರೆಡ್ ನಿಜವಾದ ಕೆಂಪು, ಅಡೋಬೆ ಆರೆಂಜ್ ಕಿತ್ತಳೆ, ಲೆಮನ್ ಯೆಲ್ಲೊ ಹೆಸರೇ ಹೇಳುವಂತೆ ಹಳದಿ. ಕಿಸ್ಮೆಟ್ ಇನ್ನೂ ಗಿಡ್ಡ, ಹೂ ದೊಡ್ಡದು. ಅಂದದಲ್ಲಿ ಇವುಗಳ ಮುಂದೆ ಬೀಜದ ಗಿಡ ಸಪ್ಪೆಯೆಂದೇ ಒಪ್ಪಿಕೊಳ್ಳಬೇಕು: ಪ್ರತಿ ಗಿಡವೂ ಒಂದೇ ಎತ್ತರ, ಒಂದೇ ಬಣ್ಣ, ಕೊಂಬೆ ಎಣಿಸಿ ಕೂರಿಸಿದಂಥ ಜೋಡಣೆ. ಆದರೆ ಕಲಬುರಗಿಯವರಿಗೆ ನಾನು ಇವನ್ನು ಹೇಳುವುದಿಲ್ಲ. ಸ್ಥಳೀಯ ನರ್ಸರಿಗಳಲ್ಲಿ ಸಿಗುವ ಸರಕು ಇದಲ್ಲ. ದೂರದಿಂದ ಕೊರಿಯರ್‌ನಲ್ಲಿ ಬರುವ ಸಣ್ಣ ಗಿಡವೋ ಮಣ್ಣಿಲ್ಲದ ಬೇರೋ ಡಬ್ಬಿಯೊಳಗೇ ಅರ್ಧ ಬೆಂದಿರುತ್ತದೆ. ಒಂದು ಗಿಡದ ದುಡ್ಡಿಗೆ ಒಂದು ಪೊಟ್ಟಣ ಬೀಜ ಬಂದು, ಅದರಲ್ಲಿ ನಾಲ್ಕಾರು ಸಸಿ ಸತ್ತರೂ ಉಳಿದವು ಅಂಗಳ ತುಂಬುತ್ತವೆ. ಇನ್ನೊಂದು ಮಾತೂ ಇದೆ. ಬೀಜದ ಸಸಿಗಳಲ್ಲಿ ಒಂದಕ್ಕಿಂತ ಒಂದು ಭಿನ್ನ. ನಮ್ಮ ಬಿಸಿಲಿಗೆ ಹೊಂದಿಕೊಳ್ಳುವ ಒಂದೆರಡು ಗಿಡ ಆ ಗುಂಪಿನಲ್ಲಿ ಇದ್ದೇ ಇರುತ್ತವೆ. ನಕಲು ಗಿಡಗಳಲ್ಲಿ ಒಂದು ಸೋತರೆ ಎಲ್ಲವೂ ಸೋಲುವ ಸಂಭವ ಹೆಚ್ಚು.

ಕೊಳ್ಳುವಾಗ ಎಚ್ಚರ. ನೀಲಿ ಎಕಿನೇಶಿಯಾ ಎಂಬುದು ಜಗತ್ತಿನಲ್ಲಿ ಇಲ್ಲ. ಕಾಮನಬಿಲ್ಲಿನ ಬಣ್ಣದ ದಳಗಳೂ ಇಲ್ಲ. ಆ ಚಿತ್ರ ಹಾಕಿದ ಪೊಟ್ಟಣದೊಳಗೆ ಏನಿದ್ದರೂ ಇರಬಹುದು. ಸಾಂಬ್ರೆರೊ, ಕಿಸ್ಮೆಟ್, ಹಾಟ್ ಪಪಾಯ ಇವುಗಳ ‘ಬೀಜ’ ಎಂದು ಮಾರುವವರನ್ನೂ ನಂಬಬೇಡಿ. ನಕಲು ತಳಿಯ ಗಿಡದಲ್ಲಿ ಬೀಜ ಕಟ್ಟಿದರೂ ಅದರಿಂದ ಅದೇ ಗಿಡ ಹುಟ್ಟುವುದಿಲ್ಲ.

ಡಬಲ್ ಹೂವಿನ ಮೋಹ

ಹಾಟ್ ಪಪಾಯ, ಡಬಲ್ ಸ್ಕೂಪ್ ಮೊದಲಾದವುಗಳಲ್ಲಿ ನಡುವಿನ ಗೋಪುರವೇ ದಳಗಳ ಚೆಂಡಾಗಿರುತ್ತದೆ. ಚಿತ್ರದಲ್ಲಿ ಚೆಂದ. ಮಳೆ ಬಿದ್ದರೆ ಆ ಚೆಂಡು ನೀರು ಹೀರಿ ಭಾರವಾಗಿ ಕತ್ತು ಬಗ್ಗಿಸುತ್ತದೆ, ಒಳಗೆ ಕೊಳೆಯುತ್ತದೆ. ಅಮೆರಿಕದ ಡೆಲವೇರ್‌ನ ಮೌಂಟ್ ಕ್ಯೂಬಾ ಸೆಂಟರ್ ಎಂಬ ಸಸ್ಯೋದ್ಯಾನ 2018ರಿಂದ 2020ರವರೆಗೆ ಎಕಿನೇಶಿಯಾ ತಳಿಗಳನ್ನು ಅಕ್ಕಪಕ್ಕದಲ್ಲಿ ಬೆಳೆಸಿ ನೋಡಿದಾಗಲೂ ಜೇನು, ಚಿಟ್ಟೆಗಳು ಒಲಿದದ್ದು ಒಂದೆಳೆ ದಳದ ಹೂಗಳಿಗೆ. ಡಬಲ್ ಹೂಗಳನ್ನು ಅವು ಹೆಚ್ಚಾಗಿ ಮೂಸಿಯೂ ನೋಡಲಿಲ್ಲ. ಚಿಟ್ಟೆ ಬರದ ಕೋನ್‌ಫ್ಲವರ್ ಬೆಳೆಸುವುದಕ್ಕಿಂತ ಡೇಲಿಯಾ ಬೆಳೆಸುವುದು ಲೇಸು.

ಹಗಲು ಸಾಲದ ಊರು

ಪೊಟ್ಟಣದ ಮೇಲೆ ಬರೆದಿರದ, ಆದರೆ ನಮಗೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇದು. ಗಿಡ ಚೆನ್ನಾಗಿದೆ, ಎಲೆ ಹಸಿರಾಗಿದೆ, ಹೂ ಮಾತ್ರ ಬರುತ್ತಿಲ್ಲ ಎಂದು ಎಕಿನೇಶಿಯಾ ಬೆಳೆಸಿದ ಹಲವರು ದೂರುತ್ತಾರೆ. ಗೊಬ್ಬರ ಹಾಕುತ್ತಾರೆ, ಇನ್ನಷ್ಟು ಎಲೆ ಬರುತ್ತದೆ.

ತೊಗರಿ ಬೆಳೆಯುವ ಊರಿನವರಿಗೆ ಇದನ್ನು ವಿವರಿಸುವುದು ಸುಲಭ. ಜೂನ್‌ನಲ್ಲಿ ಬಿತ್ತಿದ ತೊಗರಿಯೂ ತಡವಾಗಿ ಬಿತ್ತಿದ ತೊಗರಿಯೂ ಹೂವಿಗೆ ಬರುವ ಹೊತ್ತಿನಲ್ಲಿ ಬಿತ್ತನೆಯಷ್ಟು ಅಂತರ ಇರುವುದಿಲ್ಲ. ಹಗಲು ಕುಗ್ಗುವುದೇ ಅದಕ್ಕೆ ಸೂಚನೆ. ಎಕಿನೇಶಿಯಾದ ಲೆಕ್ಕ ತಿರುಗುಮುರುಗು. ಅದಕ್ಕೆ ಹಗಲು ಹಿಗ್ಗಬೇಕು, 13ರಿಂದ 15 ಗಂಟೆಯವರೆಗೆ. ಚಿಕಾಗೊದಲ್ಲಿ ಜೂನ್‌ನ ಹಗಲು 15 ಗಂಟೆ ದಾಟುತ್ತದೆ. 17 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿರುವ ನಮ್ಮಲ್ಲಿ ವರ್ಷದ ಅತಿ ಉದ್ದನೆಯ ಹಗಲೂ 13 ಗಂಟೆಯ ಮೇಲೆ ಹತ್ತು ನಿಮಿಷದಷ್ಟು ಮಾತ್ರ. 13 ಗಂಟೆ ದಾಟುವುದೇ ಮೇ ಕೊನೆಯಿಂದ ಜುಲೈ ಮೂರನೆಯ ವಾರದವರೆಗೆ, ಅಂದರೆ ಬಿಸಿಲಿನ ಕೊನೆ ಮತ್ತು ಮಳೆಯ ಆರಂಭದಲ್ಲಿ. ಗಿಡಕ್ಕೆ ಸುಖವಾಗಿರುವ ಚಳಿಗಾಲದಲ್ಲಿ ಹಗಲು 11 ಗಂಟೆಗೆ ಇಳಿದಿರುತ್ತದೆ.

ಇದಕ್ಕೆ ಮದ್ದು ಒಂದು ಬಲ್ಬ್. ರಾತ್ರಿ 10ರಿಂದ 2 ಗಂಟೆಯವರೆಗೆ ಬೆಳಕು ಕೊಟ್ಟರೆ ಉದ್ದನೆಯ ರಾತ್ರಿ ಎರಡು ತುಂಡಾಗಿ, ಗಿಡ ಅದನ್ನು ದೀರ್ಘ ಹಗಲೆಂದೇ ಬಗೆಯುತ್ತದೆ. ವಿದೇಶಗಳ ಹಸಿರುಮನೆಗಳಲ್ಲಿ ಋತುವಿಲ್ಲದ ಕಾಲದಲ್ಲಿ ಎಕಿನೇಶಿಯಾ ಅರಳಿಸುವುದು ಹೀಗೆಯೇ. ಬೆಳಕು ಪ್ರಖರವಾಗಿರಬೇಕಿಲ್ಲ. ನಾಲ್ಕೈದು ಕುಂಡಗಳನ್ನು ಒತ್ತಾಗಿ ಇಟ್ಟು ಒಂದು ಮೀಟರ್ ಮೇಲೆ ಹಳದಿ ಛಾಯೆಯ 9 ವ್ಯಾಟ್ ಎಲ್‌ಇಡಿ ಬಲ್ಬ್ ತೂಗುಬಿಟ್ಟು, ಟೈಮರ್ ಹಾಕಿದರೆ ಸಾಕು. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಸೇವಂತಿಗೆ ಹೊಲಗಳಲ್ಲಿ ಬಲ್ಬುಗಳ ಸಾಲು ಉರಿಯುವುದನ್ನು ನೋಡಿದವರಿಗೆ ಇದು ಹೊಸದೆನಿಸದು. ಅಲ್ಲಿ ಬೆಳಕು ಕೊಡುವುದು ಹೂವನ್ನು ತಡೆಯಲು, ಇಲ್ಲಿ ಹೂವನ್ನು ಕರೆಯಲು. ಸಸಿಯಲ್ಲಿ ಕನಿಷ್ಠ ನಾಲ್ಕೈದು ನಿಜವಾದ ಎಲೆ ಬಂದ ಮೇಲೆಯೇ ಬಲ್ಬ್ ಹಾಕಬೇಕು. ಎಳೆಯ ಸಸಿಗೆ ಹಾಕಿದರೆ ವಿದ್ಯುತ್ ಬಿಲ್ ಬರುತ್ತದೆ, ಹೂ ಬರುವುದಿಲ್ಲ.

ಇಷ್ಟು ಉಸಾಬರಿ ಬೇಡ ಎನ್ನುವವರು ಬೀದಿ ದೀಪದ ಬೆಳಕು ನೇರವಾಗಿ ಬೀಳುವ ಕಾಂಪೌಂಡ್ ಪಕ್ಕದಲ್ಲಿ ಕುಂಡ ಇಟ್ಟು ನೋಡಬಹುದು. ಅದೂ ಸಾಧ್ಯವಿಲ್ಲವೆಂದರೆ ಎಕಿನೇಶಿಯಾ ಬಿಟ್ಟು ಗೈಲಾರ್ಡಿಯಾಕ್ಕೆ ಹೋಗಿ. ಅದರ ಮಾತು ಮುಂದಿದೆ.

ಮೂರು ಜಿಲ್ಲೆ, ಮೂರು ನೆಲ

ಬೀದರ್‌ನವರು ಪುಣ್ಯವಂತರು. ಅಲ್ಲಿನ ಜಂಬಿಟ್ಟಿಗೆ ನೆಲದ ಕೆಂಪು ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ. ಪ್ರಸ್ಥಭೂಮಿಯ ಎತ್ತರದಿಂದಾಗಿ ಬಿಸಿಲು ಒಂದೆರಡು ಡಿಗ್ರಿ ಕಡಿಮೆ, ಚಳಿಗಾಲದ ಕೆಲವು ರಾತ್ರಿ ಉಷ್ಣಾಂಶ 10 ಡಿಗ್ರಿಯ ಸುತ್ತಮುತ್ತ ಇಳಿಯುತ್ತದೆ. ಎಕಿನೇಶಿಯಾವನ್ನು ನೆಲದಲ್ಲಿಯೇ, ಗೇಣುದ್ದ ಎತ್ತರಿಸಿದ ಮಡಿಯಲ್ಲಿ, ಒಂದೂವರೆ ಅಡಿ ಅಂತರದಲ್ಲಿ ನೆಡಲು ಮೂರು ಜಿಲ್ಲೆಗಳಲ್ಲಿ ನಾನು ಧೈರ್ಯ ಹೇಳುವುದು ಬೀದರ್‌ಗೆ ಮಾತ್ರ. ಹಳದಿ, ಕಿತ್ತಳೆ ತಳಿಗಳ ಆಸೆ ಇದ್ದವರು ಪ್ರಯೋಗ ಮಾಡಬೇಕಾದದ್ದೂ ಅಲ್ಲಿಯೇ. ಸಲಹೆ ಬೇಕಾದರೆ ಊರಲ್ಲಿಯೇ ತೋಟಗಾರಿಕೆ ಕಾಲೇಜೂ ಇದೆ.

ಕಲಬುರಗಿಯ ಎರೆಮಣ್ಣು ತೊಗರಿಗೆ, ಹಿಂಗಾರಿ ಜೋಳಕ್ಕೆ ಬಂಗಾರ. ಈ ಗಿಡಕ್ಕೆ ಹೊಂದುವುದಿಲ್ಲ. ಮಳೆಗೆ ಉಬ್ಬಿ ಅಂಟಾಗಿ ಬೇರಿಗೆ ಗಾಳಿ ತಪ್ಪಿಸುತ್ತದೆ, ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಿರುಕು ಬಿಟ್ಟು ಬೇರನ್ನು ಕಡಿಯುತ್ತದೆ. ಸೆಪ್ಟೆಂಬರ್‌ನಲ್ಲಿ ಜಡಿಮಳೆ ಹಿಡಿದರೆ ಎರೆಯಲ್ಲಿ ನೆಟ್ಟ ಎಕಿನೇಶಿಯಾದ ಬುಡ ಕೊಳೆಯುವುದು ಬಹುತೇಕ ಖಚಿತ. ಹೊರಗಿನ ಎಲೆಗಳು ಮೊದಲು ಜೋಲುತ್ತವೆ. ನೀರು ಕಡಿಮೆಯಾಯಿತೆಂದು ಇನ್ನೊಂದು ಕೊಡ ಸುರಿಯುವವರೇ ಹೆಚ್ಚು. ಆದ್ದರಿಂದ ಇಲ್ಲಿ ಕುಂಡವೇ ಸರಿ. ಮಸಾರಿ ಮಣ್ಣು ಎರಡು ಪಾಲು, ದಪ್ಪ ಮರಳು ಅಥವಾ ಜರಡಿ ಹಿಡಿದ ಗರಸು ಒಂದು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು ಸಾಕು. ಗೊಬ್ಬರ ಹೆಚ್ಚಾದರೆ ಗಿಡ್ಡ ತಳಿಯೂ ಉದ್ದವಾಗಿ ಬೆಳೆದು ಮಲಗುತ್ತದೆ.

ಯಾದಗಿರಿಯಲ್ಲಿ ಊರಿಂದೂರಿಗೆ ಲೆಕ್ಕ ಬದಲಾಗುತ್ತದೆ. ನಾರಾಯಣಪುರ ಕಾಲುವೆಯ ನೀರು ಹರಿಯುವ ಶಹಾಪುರ, ಸುರಪುರದ ಭತ್ತದ ಸೀಮೆಯಲ್ಲಿ ನೆಲ ಆಳದಲ್ಲಿಯೂ ತೇವ. ಅಲ್ಲಿ ಕುಂಡ ಬಿಟ್ಟು ಬೇರೆ ಮಾತಿಲ್ಲ. ಗುರುಮಠಕಲ್ ಕಡೆಯ ಗುಡ್ಡದ ಬದಿಯ ಕೆಂಪು ನೆಲದಲ್ಲಿ ಎತ್ತರದ ಮಡಿ ಮಾಡಿ ನೋಡಬಹುದು. ಬಿಸಿಲು ಮಾತ್ರ ಎಲ್ಲಿಯೂ ಬಿಡುವುದಿಲ್ಲ.

ನೀರಿನ ವಿಷಯದಲ್ಲಿ ಒಂದು ಮಾತು. ಸುಣ್ಣದಕಲ್ಲಿನ ಸೀಮೆಯ ಬೋರ್‌ವೆಲ್ ನೀರು ಗಡಸು. ಅದನ್ನೇ ದಿನವೂ ಹಾಕಿದ ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟುತ್ತದೆ, ಮಣ್ಣು ಕ್ಷಾರವಾಗುತ್ತದೆ, ಎಳೆ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಅದು ಕಬ್ಬಿಣದ ಕೊರತೆ, ಗೊಬ್ಬರದ ಕೊರತೆಯಲ್ಲ. ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು, ಏರ್ ಕೂಲರ್ ತೊಟ್ಟಿಯ ತಳದ ನೀರನ್ನು ಉಳಿತಾಯವೆಂದು ಕುಂಡಗಳಿಗೆ ಸುರಿಯುವ ಅಭ್ಯಾಸ ಮನೆಮನೆಯಲ್ಲಿದೆ. ಎರಡರಲ್ಲಿಯೂ ಲವಣ ಮೂಲ ನೀರಿಗಿಂತ ಗಟ್ಟಿಯಾಗಿರುತ್ತದೆ. ಅಂಗಳ ತೊಳೆಯಲು ಬಳಸಿ, ಇದಕ್ಕೆ ಬೇಡ. ಏರ್ ಕಂಡೀಷನರ್ ಪೈಪಿನಿಂದ ತೊಟ್ಟಿಕ್ಕುವ ನೀರು ಮೃದುವಾದದ್ದು, ಹಾಕಬಹುದು. ಎಲ್ಲಕ್ಕಿಂತ ಮೇಲು ಹಿಡಿದಿಟ್ಟ ಮಳೆನೀರು.

ಅದೇ ಬಣ್ಣ, ಕಡಿಮೆ ಗೋಳು

ಬೇಕಾದದ್ದು ಗಿಡ್ಡ ಗಿಡ, ಕೆಂಪು–ಹಳದಿ–ಕಿತ್ತಳೆ ಬಣ್ಣ, ನಾಲ್ಕು ಚಿಟ್ಟೆ ಎಂದಾದರೆ ಎಕಿನೇಶಿಯಾವೇ ಆಗಬೇಕೆಂದೇನೂ ಇಲ್ಲ.

ಗೈಲಾರ್ಡಿಯಾ ನಮ್ಮ ನೆಲಕ್ಕೆ ಹೇಳಿ ಮಾಡಿಸಿದಂತಿದೆ. ಇದೂ ಉತ್ತರ ಅಮೆರಿಕದ ಗಿಡವೇ, ಆದರೆ ದಖ್ಖನಿನ ಹೂವಿನ ಮಾರುಕಟ್ಟೆಗಳಲ್ಲಿ ಮಾಲೆಯ ಹೂವಾಗಿ ಯಾವಾಗಲೋ ನಮ್ಮದಾಗಿದೆ. ಒಂದೂವರೆ–ಎರಡು ಅಡಿ ಎತ್ತರ, ಕೆಂಪು ದಳಕ್ಕೆ ಹಳದಿ ಅಂಚು, ನಡುವೆ ಕಂದು ಉಬ್ಬು. ದೂರದಿಂದ ನೋಡಿದವರು ಇದನ್ನೇ ಕೋನ್‌ಫ್ಲವರ್ ಎಂದುಕೊಂಡಾರು. ಬಡ ಮಣ್ಣು ಸಾಕು, ನೀರು ತಪ್ಪಿದರೂ ಸಾಯದು, ಬಿತ್ತಿದ ಮೂರು ತಿಂಗಳೊಳಗೆ ಹೂ. ಬಲ್ಬಿನ ಗೊಡವೆ ಇಲ್ಲ. ಇದಕ್ಕೂ ನಿಂತ ನೀರು ಆಗದು ಎಂಬುದೊಂದೇ ಷರತ್ತು. ಬೀಜ ತಾನೇ ಉದುರಿ ತಾನೇ ಏಳುತ್ತದೆ.

ಜಿನಿಯಾ ಇನ್ನೂ ಆತುರದ ಗಿಡ. ಹಗಲು ಚಿಕ್ಕದಾದಷ್ಟೂ ಬೇಗ ಹೂ ಬಿಡುವ ಸ್ವಭಾವದ್ದು, ಆದ್ದರಿಂದ ನಮ್ಮ ಚಳಿಗಾಲ ಅದಕ್ಕೆ ಹಬ್ಬ. ಗಿಡ್ಡ ತಳಿ ಬೇಕೆಂದರೆ ಪ್ರೊಫ್ಯೂಷನ್ ಸರಣಿ ಕೇಳಿ; ಅದರ ಆರೆಂಜ್ ಮತ್ತು ಚೆರಿ ಬಣ್ಣಗಳು 1999ರಲ್ಲಿ ಆಲ್-ಅಮೆರಿಕಾ ಸೆಲೆಕ್ಷನ್ಸ್ ಚಿನ್ನದ ಪದಕ ಪಡೆದವು. ಒಂದಡಿಗಿಂತ ಸ್ವಲ್ಪ ಹೆಚ್ಚು ಎತ್ತರ, ಸಾಮಾನ್ಯ ಜಿನಿಯಾವನ್ನು ಕಾಡುವ ಬೂದಿ ರೋಗವನ್ನು ಚೆನ್ನಾಗಿ ತಡೆಯುತ್ತದೆ. ಆದರೆ ವರ್ಷದ ಗಿಡ. ಪ್ರತಿ ಹಂಗಾಮಿಗೆ ಬಿತ್ತಬೇಕು.

ರುಡ್ಬೆಕಿಯಾ ಹೆಸರೂ ಬರುತ್ತದೆ, ಹಳದಿ ದಳ, ಕಪ್ಪು ನಡು. ಅದಕ್ಕೂ ಎಕಿನೇಶಿಯಾದಂತೆ ಉದ್ದನೆಯ ಹಗಲೇ ಬೇಕು. ಅದೇ ತೊಂದರೆ ಪಡುವುದಿದ್ದರೆ ಎಕಿನೇಶಿಯಾಕ್ಕೇ ಪಡಬಹುದಲ್ಲ.

ಹಾಗಾದರೆ ಯಾರಿಗೆ ಯಾವುದು

ಕಲಬುರಗಿಯಲ್ಲಿ ಮಾಳಿಗೆಯ ಮೇಲೋ ಅಂಗಳದಲ್ಲೋ ಮೊದಲ ಸಲ ಬೆಳೆಸುವವರಿಗೆ ನನ್ನ ಉತ್ತರ ಪವ್‌ವೌ ವೈಲ್ಡ್ ಬೆರಿ, ಕುಂಡದಲ್ಲಿ, ಬಲ್ಬಿನಡಿ. ಅದು ಕೈಹಿಡಿದ ಮೇಲೆ ಶೈಯಾನ್ ಸ್ಪಿರಿಟ್. ಬೀದರ್‌ನಲ್ಲಿ ನೆಲವಿದ್ದವರು ಶೈಯಾನ್ ಸ್ಪಿರಿಟ್‌ನಿಂದಲೇ ಆರಂಭಿಸಬಹುದು. ಆಳೆತ್ತರದ ಕಾಂಪೌಂಡ್ ಗೋಡೆಯ ಮರೆ ಇದ್ದರೆ ಹಿಂದಿನ ಸಾಲಿಗೆ ಪರ್ಪುರಿಯಾದ ಮ್ಯಾಗ್ನಸ್ ತಳಿ ಹಾಕಿ. 1998ರಲ್ಲಿ ಅಮೆರಿಕದ ಪೆರೆನಿಯಲ್ ಪ್ಲಾಂಟ್ ಅಸೋಸಿಯೇಷನ್ ವರ್ಷದ ಗಿಡವೆಂದು ಆರಿಸಿದ್ದು ಇದನ್ನು. ಗಿಡ್ಡದಲ್ಲ, ಆದರೆ ಗಟ್ಟಿ. ಬಾಡಿಗೆ ಮನೆಯವರು, ರಜೆಗೆ ತಿಂಗಳುಗಟ್ಟಲೆ ಊರಿಗೆ ಹೋಗುವವರು ಗೈಲಾರ್ಡಿಯಾ ಹಾಕಿಕೊಂಡು ನೆಮ್ಮದಿಯಾಗಿರಿ. ಸಾಂಬ್ರೆರೊ, ಕಿಸ್ಮೆಟ್‌ಗಳನ್ನು ಬೆಂಗಳೂರಿನಲ್ಲಿರುವ ಮಗಳ ಮನೆಗೆ ಬಿಡಿ.

ಬಿತ್ತನೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ನಲ್ಲಿ, ಮಳೆ ನೇರವಾಗಿ ಬೀಳದ ಪಡಸಾಲೆಯಲ್ಲಿ. ತೆಂಗಿನ ನಾರಿನ ಪುಡಿ ತುಂಬಿದ ತಟ್ಟೆಯಲ್ಲಿ ಬೀಜ ಮರೆಯಾಗುವಷ್ಟೇ ಮುಚ್ಚಿದರೆ ಎರಡು ವಾರದ ಆಸುಪಾಸಿನಲ್ಲಿ ಮೊಳಕೆ. ಅಕ್ಟೋಬರ್‌ನಲ್ಲಿ ಸಣ್ಣ ಚೀಲಕ್ಕೆ, ನವೆಂಬರ್‌ನಲ್ಲಿ ಕುಂಡಕ್ಕೆ, ಡಿಸೆಂಬರ್‌ನಿಂದ ಬಲ್ಬ್. ಹೀಗೆ ಮಾಡಿದರೆ ಫೆಬ್ರುವರಿ–ಮಾರ್ಚ್ ಹೊತ್ತಿಗೆ, ಬಿಸಿಲು ಉರಿಯುವ ಮೊದಲು, ಹೂ ನೋಡಬಹುದು. ನೆಡುವಾಗ ಬುಡದ ಎಲೆಗಳು ಕೂಡುವ ಗಂಟು ಮಣ್ಣಿನ ಮಟ್ಟದಲ್ಲಿಯೇ ಇರಲಿ, ಹೂತರೆ ಕೊಳೆಯುತ್ತದೆ. ಕುಂಡವನ್ನು ಎರಡು ಇಟ್ಟಿಗೆಗಳ ಮೇಲೆ ಇಡಿ. ಫರಸಿಯ ಮೇಲೆ ನೇರವಾಗಿ ಕೂರಿಸಿದರೆ ತಳದ ತೂತು ಮುಚ್ಚುತ್ತದೆ, ಏಪ್ರಿಲ್‌ನಲ್ಲಿ ಕಲ್ಲಿನ ಕಾವು ಬೇರಿಗೇ ತಟ್ಟುತ್ತದೆ.

“ಅಕ್ಕ, ಸೇವಂತಿಗೆಗೆ ಮಾಡುವ ಹಾಗೆ ಇದಕ್ಕೂ ಕುಡಿ ಚಿವುಟಬೇಕೇನು?” ಎಂದು ಪಕ್ಕದ ಮನೆಯ ಹುಡುಗಿ ಕೇಳಿದಳು. ಬೇಡ. ಇದರ ಎಲೆಗಳು ಬುಡದಲ್ಲಿ ಮೂಲಂಗಿಯಂತೆ ಹರಡಿಕೊಂಡಿದ್ದು, ಹೂವಿನ ದಂಟು ನಡುವಿನಿಂದ ಏಳುತ್ತದೆ. ಚಿವುಟಿದರೆ ಆ ಹೂವನ್ನೇ ಕಳೆದುಕೊಂಡಂತೆ. ಬೇರು ನೆಗಡಿಗೆ ಒಳ್ಳೆಯದಂತೆ, ಕಷಾಯ ಮಾಡಬಹುದೇ ಎಂದು ಕೇಳುವವರೂ ಇದ್ದಾರೆ. ಔಷಧಿಗೆ ಬಳಸುವುದು ಮೂಲ ಜಾತಿಗಳನ್ನು. ಅಂದಕ್ಕೆಂದು ತಯಾರಿಸಿದ, ಯಾವ ಕೀಟನಾಶಕ ಕಂಡಿದೆಯೋ ತಿಳಿಯದ ಹೈಬ್ರಿಡ್‌ನ ಬೇರನ್ನು ಕುದಿಸಿ ಕುಡಿಯಬೇಡಿ.

ದಳಗಳು ಹಸಿರಾಗಿ, ಗೋಪುರದಿಂದ ಎಲೆಯಂಥ ಗೊಂಚಲು ಹೊರಟರೆ ಅದು ಹೊಸ ಬಗೆಯ ಹೂವಲ್ಲ, ರೋಗ. ಎಳ್ಳಿನ ಹೊಲದಲ್ಲಿ ಹೂವೆಲ್ಲ ಎಲೆಯಾಗಿಬಿಡುವುದನ್ನು ಕಂಡ ರೈತರು ತಕ್ಷಣ ಗುರುತಿಸುತ್ತಾರೆ. ಎರಡಕ್ಕೂ ಕಾರಣ ಫೈಟೋಪ್ಲಾಸ್ಮಾ ಎಂಬ, ಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿ, ಹರಡುವುದು ಜಿಗಿಹುಳು. ಔಷಧಿ ಇಲ್ಲ, ಬೇರುಸಹಿತ ಕಿತ್ತು ದೂರ ಹಾಕಬೇಕು.

ಹೂ ಮುಗಿದ ಮೇಲೆ, ಏಪ್ರಿಲ್ ಹಿಡಿಯುತ್ತಿದ್ದಂತೆ, ದಂಟುಗಳನ್ನು ಬುಡಕ್ಕೆ ಕತ್ತರಿಸಿ ಕುಂಡವನ್ನು ಪೂರ್ವ ದಿಕ್ಕಿನ ಗೋಡೆಯ ಬದಿಗೆ ಸರಿಸಿ. ಬೆಳಗಿನ ಬಿಸಿಲು ಸಿಗಲಿ, ಹನ್ನೊಂದರ ಮೇಲೆ ನೆರಳಿರಲಿ. ಅಂಥ ಜಾಗವಿಲ್ಲದಿದ್ದರೆ ಅರ್ಧ ಬಿಸಿಲು ತಡೆಯುವ ಹಸಿರು ಜಾಲರಿ ಕಟ್ಟಿ. ಮಣ್ಣಿನ ಮೇಲೆ ತೊಗರಿ ಹೊಟ್ಟು ಹರಡಿ, ಬುಡಕ್ಕೆ ತಾಗದಂತೆ. ನೀರು ಸಂಜೆ ಹೊತ್ತು, ಬೆರಳಿನ ಎರಡು ಗೆಣ್ಣಿನಷ್ಟು ಆಳ ಒಣಗಿದ ಮೇಲೆ ಮಾತ್ರ. ಈ ದಿನಗಳಲ್ಲಿ ಗೊಬ್ಬರ ಬೇಡ. ಎಲೆಗಳೆಲ್ಲ ಒಣಗಿದರೂ ಕುಂಡ ಖಾಲಿ ಮಾಡಲು ಅವಸರಿಸದೆ ಬುಡವನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಗಟ್ಟಿಯಾಗಿದ್ದರೆ ಜೂನ್‌ನ ಎರಡು ಮಳೆಗೆ ಚಿಗುರುತ್ತದೆ. ಮೆತ್ತಗೆ ಕಂದಾಗಿ ವಾಸನೆ ಬಂದರೆ ಆ ಮಣ್ಣನ್ನು ಬಿಸಿಲಿಗೆ ಹರಡಿ, ಆಗಸ್ಟ್‌ಗೆ ಬೇರೆ ಬೀಜ ತರಿಸಿಕೊಳ್ಳಿ.